ಸರಾಸರಿಯ ಮರೆಯಲ್ಲಿ ಕುಣಿಗಲ್: ದೂರವಾಣಿ ದೋಷಗಣನೆಯ ಚರಿತ್ರೆ

ಕುಣಿಗಲ್ಲಿನ ರೈತನೊಬ್ಬನು ಮೊಬೈಲಿನಲ್ಲಿ ಮಾತನಾಡುತ್ತಿರುವಾಗ ಕರೆಯು ನಡುವೆಯೇ ಕಡಿದುಹೋದರೆ, ಆತನ ಮಟ್ಟಿಗೆ ಅದೊಂದು ನಷ್ಟ. ಲೆಕ್ಕದಲ್ಲಿ ಅದೊಂದು ಅಂಕೆ. ಆ ಅಂಕೆಯನ್ನು ಯಾವ ಪ್ರದೇಶದ ಮೊತ್ತಕ್ಕೆ ಸೇರಿಸಲಾಗುತ್ತದೆ ಎಂಬುದರ ಮೇಲೆಯೇ ಅದು ಆಡಳಿತದ ಕಣ್ಣಿಗೆ ಬೀಳುವುದೂ ಬೀಳದಿರುವುದೂ ನಿಂತಿದೆ. ಈ ಸಂಗತಿಯ ಚರಿತ್ರೆಯನ್ನು ನಾವಿಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

ದೂರವಾಣಿಗೆ ಸಂಖ್ಯಾಶಾಸ್ತ್ರವನ್ನು ಅನ್ವಯಿಸಿದವರಲ್ಲಿ ಡೆನ್ಮಾರ್ಕಿನ ಎರ್ಲಾಂಗನು ಅಗ್ರಗಣ್ಯನು. ಕರೆಗಳು ಬರುವ ಕ್ರಮವನ್ನು ಆತನು 1909ರಲ್ಲಿ ಸಂಭವನೀಯತೆಯ ಗಣಿತದಿಂದ ನಿರೂಪಿಸಿದನು. ಮಾರ್ಗ ದೊರೆಯದೆ ಹೋಗುವ ಕರೆಗಳ ಪ್ರಮಾಣವನ್ನು ಅಂದಾಜು ಮಾಡುವ ಸೂತ್ರವನ್ನು 1917ರಲ್ಲಿ ಪ್ರಕಟಿಸಿದನು. ನಮ್ಮ ನಾಡಿನಲ್ಲಿ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮಾಂತರ ಸ್ವಯಂಚಾಲಿತ ವಿನಿಮಯ ಕೇಂದ್ರವು 1986ರಲ್ಲಿ ಕಿತ್ತೂರಿನಲ್ಲಿ ಆರಂಭವಾಯಿತು. ಹೀಗೆ ದೂರವಾಣಿಯು ಹಳ್ಳಿಗಳಿಗೆ ಹಬ್ಬಿದಂತೆ, ದೋಷಗಳನ್ನು ಎಲ್ಲಿ, ಹೇಗೆ ಎಣಿಸಬೇಕೆಂಬ ಪ್ರಶ್ನೆಯೂ ಬೆಳೆಯಿತು.

1997ರಲ್ಲಿ ಸ್ಥಾಪಿತವಾದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2009ರ ನಿಯಮಾವಳಿಯಲ್ಲಿ ಎರಡು ಮಿತಿಗಳನ್ನು ವಿಧಿಸಿತು: ಸ್ಥಿರ ದೂರವಾಣಿಯಲ್ಲಿ 100 ಚಂದಾದಾರರಿಗೆ ತಿಂಗಳಿಗೆ 5 ದೋಷಗಳು, ಮೊಬೈಲಿನಲ್ಲಿ ಕಡಿದುಹೋಗುವ ಕರೆಗಳು ಶೇಕಡ 2. ಆದರೆ ಎರಡನೆಯದನ್ನು ಸೇವಾವಲಯದ ಸರಾಸರಿಯಿಂದ ಅಳೆಯುತ್ತಿದ್ದರು. ಇಡೀ ಕರ್ನಾಟಕವು ಒಂದೇ ವಲಯ. ಸಮಸಂಖ್ಯೆಯ ಕರೆಗಳುಳ್ಳ 100 ಟವರುಗಳಿವೆಯೆಂದು ಭಾವಿಸೋಣ. 88ರಲ್ಲಿ ಶೇಕಡ 1ರಷ್ಟೂ ಉಳಿದ 12ರಲ್ಲಿ ಶೇಕಡ 9ರಷ್ಟೂ ಕರೆಗಳು ಕಡಿದುಹೋದರೆ ಸರಾಸರಿಯು ಶೇಕಡ 1.96 ಮಾತ್ರ. ವಲಯವು ತೇರ್ಗಡೆಯಾಯಿತು, ಆ ಹನ್ನೆರಡರ ಸುತ್ತಲಿನವರ ಸಂಕಟವು ಮರೆಯಾಯಿತು.

2017ರ ಅಕ್ಟೋಬರಿನಿಂದ ಜಾರಿಗೆ ಬಂದ ತಿದ್ದುಪಡಿಯು ಈ ಕುಂದನ್ನು ಗುರುತಿಸಿತು. ಶೇಕಡ 90ರಷ್ಟು ಟವರು-ವ್ಯಾಪ್ತಿಗಳು ಶೇಕಡ 90ರಷ್ಟು ದಿನಗಳಲ್ಲಿ ಆ 2ರ ಮಿತಿಯೊಳಗಿರಬೇಕೆಂದು ಅದು ವಿಧಿಸಿತು. ಮೇಲಿನ ಉದಾಹರಣೆಯಲ್ಲಿ 88 ಮಾತ್ರ ಮಿತಿಯೊಳಗಿರುವುದರಿಂದ ಅದು ಇಲ್ಲಿ ಅನುತ್ತೀರ್ಣವಾಗುತ್ತದೆ. 2024ರ ನಿಯಮಾವಳಿಯು ಮತ್ತೂ ಒಂದು ಹೆಜ್ಜೆ ಮುಂದಿಟ್ಟು, ಸೇವೆಯ ಸ್ಥಗಿತಕ್ಕೆ ಜಿಲ್ಲೆಯನ್ನೇ ಘಟಕವನ್ನಾಗಿ ಮಾಡಿತು. ಜಿಲ್ಲೆಯಲ್ಲಿ 24 ಗಂಟೆಗಳನ್ನು ಮೀರಿದ ಸ್ಥಗಿತಕ್ಕೆ ಚಂದಾದಾರರಿಗೆ ರಿಯಾಯಿತಿಯನ್ನು ವಿಧಿಸಿತು.

ಇಷ್ಟಾದರೂ ಶೇಕಡ 90ರ ಆಚೆ ಉಳಿದ ಹತ್ತರಲ್ಲಿ ಯಾವ ಊರುಗಳಿವೆ ಎಂಬುದನ್ನು ಆ ಅಂಕೆಯೊಂದೇ ಹೇಳಲಾರದು. ಜಿಲ್ಲೆಯ ಲೆಕ್ಕದಲ್ಲಿ ಕುಣಿಗಲ್ ತುಮಕೂರಿನ ಒಂದು ಭಾಗವಷ್ಟೆ. ಕುಣಿಗಲ್ ಕೆರೆ ತುಂಬಿತೆಂದ ಮಾತ್ರಕ್ಕೆ ನೆರೆಯೂರಿನ ಕೆರೆಯಲ್ಲಿ ನೀರಿದೆಯೆಂದು ಯಾರೂ ನಂಬುವುದಿಲ್ಲ. ಅಂಕಿಅಂಶಗಳನ್ನು ಆಧಾರವಾಗಿ ಬಳಸುವ ಇತಿಹಾಸದ ವಿದ್ಯಾರ್ಥಿಯು, ಎಷ್ಟು ಎಂದು ಕೇಳುವ ಮೊದಲು ಯಾವ ಎಲ್ಲೆಯೊಳಗೆ ಎಂದು ಕೇಳುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.