ಅಗ್ರಹಾರ ಶಾಸನಗಳಲ್ಲಿ ವಿದ್ವತ್ಪ್ರಶಂಸೆ

ತಮ್ಮ ಊರಿನಲ್ಲಿರುವಂತಹ ವಿದ್ವಾಂಸರು ಬೇರೆಲ್ಲಿಯೂ ಇಲ್ಲವೆಂದು ಹೇಳಿಕೊಳ್ಳುವ ಅಭಿಮಾನ ನಮ್ಮ ನಾಡಿಗೆ ಹೊಸದಲ್ಲ. ಮಧ್ಯಯುಗದ ಕನ್ನಡ ಶಾಸನಗಳು ಅಗ್ರಹಾರಗಳ ಮಹಾಜನರನ್ನು ವೇದವೇದಾಂಗ ಪಾರಂಗತರೆಂದೂ ತರ್ಕವ್ಯಾಕರಣ ಕೋವಿದರೆಂದೂ ಬಣ್ಣಿಸುತ್ತವೆ. ಇಂತಹ ವರ್ಣನೆಯನ್ನೇ ಆಧಾರವಾಗಿಟ್ಟುಕೊಂಡು ಆಯಾ ಊರು ಮಹಾವಿದ್ಯಾಕೇಂದ್ರವಾಗಿದ್ದಿತೆಂದು ನಿರ್ಣಯಿಸುವುದು ಎಷ್ಟರಮಟ್ಟಿಗೆ ಯುಕ್ತವೆಂಬುದು ವಿಚಾರಾರ್ಹವಾಗಿದೆ.

ಯಮ, ನಿಯಮ, ಸ್ವಾಧ್ಯಾಯ, ಧ್ಯಾನ, ಧಾರಣ, ಮೌನಾನುಷ್ಠಾನ, ಜಪ, ಸಮಾಧಿಗಳಿಂದ ಶೀಲಸಂಪನ್ನರೆಂಬ ವಿಶೇಷಣಮಾಲೆಯನ್ನು ಶಾಸನಾಭ್ಯಾಸಿಗಳೆಲ್ಲರೂ ಬಲ್ಲರು. ಹೆಚ್ಚಿನ ವ್ಯತ್ಯಾಸವಿಲ್ಲದೆ ಅದು ಊರಿಂದೂರಿಗೆ ಪುನರುಕ್ತವಾಗುತ್ತದೆ. ಎಲ್ಲ ಊರುಗಳಿಗೂ ಸಲ್ಲುವ ಮಾತು ಯಾವ ಒಂದು ಊರಿನ ವಿದ್ವತ್ತಿಗೂ ಪ್ರತ್ಯೇಕ ಸಾಕ್ಷ್ಯವಾಗಲಾರದು. ಅದನ್ನು ಕವಿಸಮಯವೆಂದೇ ಭಾವಿಸುವುದು ಲೇಸು.

ಹಾಗೆಂದು ಈ ಅಭಿಮಾನವೆಲ್ಲ ನಿರಾಧಾರವೆನ್ನುವಂತಿಲ್ಲ. ಹೊಗಳಿಕೆ ಮುಗಿದು ದತ್ತಿಯ ವಿವರ ಮೊದಲಾಗುವಲ್ಲಿ ನಮಗೆ ಬೇಕಾದ ಸಂಗತಿ ದೊರೆಯುತ್ತದೆ. ವಿಜಯಪುರ ಜಿಲ್ಲೆಯ ಸಾಲೋಟಗಿಯ ಕ್ರಿ. ಶ. 945ರ ಶಾಸನವು ಇದಕ್ಕೆ ಉತ್ತಮ ನಿದರ್ಶನ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಶಾಲೆಯೊಂದನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬರುವ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳೂ, ಪೋಷಣೆಗೆ 500 ನಿವರ್ತನ ಭೂಮಿಯೂ, ದೀಪಕ್ಕೆ 12 ನಿವರ್ತನವೂ, ಉಪಾಧ್ಯಾಯನಿಗೆ 50 ನಿವರ್ತನವೂ ಮೀಸಲಾದವು. ಊರವರು ಮದುವೆಗೆ 5 ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದರಲ್ಲಿಯೂ ಅರ್ಧ ಸಲ್ಲಿಸಬೇಕಾಗಿದ್ದಿತು. ತಮ್ಮ ಮನೆಯ ಶುಭಕಾರ್ಯದ ಹಣವನ್ನು ಪರಊರಿನ ಬಾಲಕರ ಓದಿಗೆ ಕೊಡುವ ಊರು ಹೆಮ್ಮೆಪಡಲು ಅರ್ಹವೇ ಸರಿ.

ಚಿತ್ತಾಪುರದ ಸಮೀಪದ ನಾಗಾವಿಯ ಘಟಿಕಾಸ್ಥಾನದ ಕ್ರಿ. ಶ. 1058ರ ಶಾಸನದಲ್ಲಿ ವೇದಾಧ್ಯಯನಕ್ಕೆ 200 ವಿದ್ಯಾರ್ಥಿಗಳೂ, ಶಾಸ್ತ್ರಾಭ್ಯಾಸಕ್ಕೆ ಸುಮಾರು 50 ಮಂದಿಯೂ, ಪುಸ್ತಕಗಳ ರಕ್ಷಣೆಗೆ ಆರು ಮಂದಿ ಸರಸ್ವತೀಭಂಡಾರಿಗರೂ ಉಲ್ಲೇಖಿತರಾಗಿದ್ದಾರೆ. ಬಳ್ಳಿಗಾವೆಯ ಕೋಡಿಯಮಠದ ಕ್ರಿ. ಶ. 1162ರ ಶಾಸನವು ಪಾಣಿನಿಯೊಡನೆ ಶಾಕಟಾಯನ ವ್ಯಾಕರಣವನ್ನೂ ಹೆಸರಿಸುತ್ತದೆ. ಜೈನ ವೈಯಾಕರಣನ ಗ್ರಂಥಕ್ಕೆ ಶೈವ ಮಠದಲ್ಲಿ ಸ್ಥಾನ ದೊರೆತಿರುವುದು ಬರಿಯ ಸ್ತುತಿಪಾಠಕನಿಗೆ ಹೊಳೆಯುವ ಮಾತಲ್ಲ. ಅಲ್ಲಿ ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುವೆಂದು ಅದೇ ಶಾಸನ ತಿಳಿಸುತ್ತದೆ.

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಊರೆಂದರೆ ಇಲ್ಲಿ ಯಾರು? ಅಗ್ರಹಾರದ ಪ್ರಶಸ್ತಿಯು ಮಹಾಜನರನ್ನು ಮಾತ್ರ ಎಣಿಸುತ್ತದೆ. ದತ್ತಿಭೂಮಿಯನ್ನು ಉತ್ತವರ, ದೀಪದೆಣ್ಣೆಯನ್ನು ಗಾಣದಲ್ಲಿ ತೆಗೆದವರ, ಮಹಾಜನರ ಮನೆಯ ಹೆಂಗಸರ ಓದುಬರಹ ಆ ಎಣಿಕೆಗೆ ಸೇರುವುದಿಲ್ಲ. ಇದಕ್ಕೆ ಪ್ರತಿಯಾಗಿ ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಬೇರೊಂದು ಬಗೆಯ ಹೆಮ್ಮೆಯನ್ನು ಮೆರೆಯುತ್ತದೆ: ಉದ್ದೇಶಪೂರ್ವಕವಾಗಿ ಓದದವರೂ ಈ ನಾಡಿನಲ್ಲಿ ಕಾವ್ಯಪ್ರಯೋಗದಲ್ಲಿ ಪರಿಣತರೆಂಬುದು ಅದರ ಅಭಿಪ್ರಾಯ. ಅತಿಶಯೋಕ್ತಿ ಅಲ್ಲಿಯೂ ಉಂಟು. ಆದರೆ ಅದರ ಎಣಿಕೆಯಲ್ಲಿ ಜನಸಾಮಾನ್ಯರೂ ಇದ್ದಾರೆ.

2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡವು ಶೇಕಡಾ 88.57 ಸಾಕ್ಷರತೆಯೊಡನೆ ರಾಜ್ಯದ ಜಿಲ್ಲೆಗಳಲ್ಲಿ ಮೊದಲನೆಯದಾಯಿತು. ಏಳು ವರ್ಷ ತುಂಬಿದವರೆಲ್ಲರೂ, ಗಂಡು ಹೆಣ್ಣೆಂಬ ಭೇದವಿಲ್ಲದೆ, ಆ ಗಣನೆಗೆ ಒಳಪಟ್ಟಿದ್ದರು. ಆದುದರಿಂದ ಪ್ರಾಚೀನ ಊರುಗಳ ವಿದ್ಯಾಭಿಮಾನವನ್ನು ಪರಿಶೀಲಿಸುವಾಗ ವಿಶೇಷಣಗಳನ್ನು ಬದಿಗಿರಿಸಿ, ವಿದ್ಯೆಗಾಗಿ ಊರು ಏನನ್ನು ಕೊಟ್ಟಿತು, ಯಾರಿಗೆ ಕೊಟ್ಟಿತು ಎಂಬ ಎರಡನ್ನು ವಿಚಾರಿಸುವುದು ಇತಿಹಾಸಕಾರನ ಕರ್ತವ್ಯವಾಗಿದೆ.