ಎರಡು ಬಳೆಯ ಬಜೆಟ್

ಪೀಣ್ಯದ ಕಾರ್ಖಾನೆಯೊಂದರಲ್ಲಿದ್ದ ನಮ್ಮ ಯಜಮಾನರಿಗೆ ಬಜೆಟ್ ಎಂದರೆ ಸೋಪು, ಸಿಗರೇಟಿನ ಬೆಲೆ, ಅಷ್ಟೆ. ಆದರೆ 1992ರ ಫೆಬ್ರವರಿ 29ರ ಸಂಜೆ ಮನಮೋಹನ್ ಸಿಂಗ್ ಬಜೆಟ್ ಮಂಡಿಸಿದಾಗ ಬಾಗಲಗುಂಟೆಯ ನಮ್ಮ ಮನೆಯಲ್ಲಿ ಊಟ ತಣ್ಣಗಾಯಿತು. ಅವರು ರೇಡಿಯೋ ಬಿಟ್ಟು ಏಳಲಿಲ್ಲ.

ಆ ವರ್ಷ ಎಲ್ಲರ ಬಾಯಲ್ಲೂ ಷೇರು. ಉದ್ಯಮಗಳ ಲೈಸೆನ್ಸಿನ ಕಟ್ಟು 1991ರಲ್ಲೇ ಸಡಿಲವಾಗಿತ್ತು. ಮುಂದೆ ಇನ್ನಷ್ಟು ಸಡಿಲವಾಗುತ್ತದೆ, ಕಂಪನಿಗಳು ಬೆಳೆಯುತ್ತವೆ ಎಂಬ ನಿರೀಕ್ಷೆ. ಜನವರಿಯಲ್ಲಿ 2,000ದ ಆಸುಪಾಸಿನಲ್ಲಿದ್ದ ಮುಂಬಯಿಯ ಸೆನ್ಸೆಕ್ಸ್ ಏಪ್ರಿಲ್‌ನಲ್ಲಿ 4,400 ದಾಟಿತು. ಮೂರು ತಿಂಗಳಲ್ಲಿ ಯಾವ ಕಾರ್ಖಾನೆಯ ಉತ್ಪಾದನೆ ಇಮ್ಮಡಿಯಾದೀತು? ಈ ಪ್ರಶ್ನೆ ನನಗೆ ಹೊಳೆದದ್ದು ತವರಿನ ಎರಡು ಬಳೆ ಮಾರಿದ ಮೇಲೆ.

ಏಪ್ರಿಲ್ 23ರಂದು ಪತ್ರಕರ್ತೆ ಸುಚೇತಾ ದಲಾಲ್ ಅವರ ವರದಿ ಟೈಮ್ಸ್ ಆಫ್ ಇಂಡಿಯಾದಲ್ಲಿ ಬಂತು. ಹರ್ಷದ್ ಮೆಹ್ತಾನಂಥ ದಲ್ಲಾಳಿಗಳು ಬ್ಯಾಂಕುಗಳ ಹಣವನ್ನು ಅಡ್ಡದಾರಿಯಲ್ಲಿ ತಂದು ಷೇರಿಗೆ ಸುರಿದಿದ್ದರೆಂದು ತಿಳಿಯಿತು. ಪೇಟೆ ಕುಸಿಯಿತು. ಹಗರಣ ದೊಡ್ಡದು, ನಿಜ. ಆದರೆ ನಮ್ಮ ತಪ್ಪೂ ಇತ್ತು. ಬಜೆಟ್ಟಿನ ಸುಧಾರಣೆಗಳು ನಿಂತುಹೋಗಲಿಲ್ಲ. ಬರಲಿರುವ ಒಳ್ಳೆಯದಕ್ಕೆ ನಾವೇ ಮುಂಚಿತವಾಗಿ, ಅತಿಯಾಗಿ ಬೆಲೆ ತೆತ್ತಿದ್ದೆವು.

ವರಮಹಾಲಕ್ಷ್ಮಿ ಹಬ್ಬದ ಮುನ್ನಾದಿನ ಹೂವು ಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಬ್ಬ ಬಂದೇ ಬರುತ್ತದೆ; ಆದರೆ ಹೂವಿನ ದರ ಹಬ್ಬಕ್ಕಾಗಿ ಕಾಯುವುದಿಲ್ಲ. ಮೊದಲೇ ಏರಿ, ಪೂಜೆ ಮುಗಿಯುತ್ತಿದ್ದಂತೆ ಇಳಿಯುತ್ತದೆ.

ಇದರ ಇನ್ನೊಂದು ಮುಖವನ್ನೂ ನಮ್ಮ ಬೆಂಗಳೂರೇ ತೋರಿಸಿತು. 1993ರ ಫೆಬ್ರವರಿಯಲ್ಲಿ ಇನ್ಫೋಸಿಸ್ ಒಂದು ಷೇರಿಗೆ 95 ರೂಪಾಯಿಯಂತೆ ಸಾರ್ವಜನಿಕರಿಗೆ ಕೊಡಲು ಬಂತು. ಅರ್ಜಿಗಳು ಸಾಕಷ್ಟು ಬರಲಿಲ್ಲ. ಸಾಫ್ಟ್‌ವೇರ್ ಎಂದರೇನೆಂದೇ ಬಹಳ ಜನಕ್ಕೆ ತಿಳಿಯದು. ಮೇಲಾಗಿ ಹಗರಣದ ಬರೆ ಹಸಿಯಾಗಿತ್ತು. ತೆನಾಲಿ ರಾಮನ ಬೆಕ್ಕಿನಂತೆ ನಾವೂ ಹಾಲಿನ ಬಟ್ಟಲು ಕಂಡು ಓಡಿದೆವು. ಜೂನ್‌ನಲ್ಲಿ ಆ ಷೇರು 145ಕ್ಕೆ ವಹಿವಾಟು ಶುರುಮಾಡಿತು. ಯಾರೂ ಎದುರುನೋಡದ ಕಡೆ ಬೆಲೆ ಕಡಿಮೆ ಇತ್ತು. ಎಲ್ಲರೂ ಎದುರುನೋಡಿದ ಕಡೆ ನಮ್ಮ ಬಳೆ ಹೋಯಿತು.

ಮೂವತ್ತು ವರ್ಷ ಕಳೆದರೂ ಪೇಟೆ ಬದಲಾಗಿಲ್ಲ. 2024ರ ಚುನಾವಣೆಯ ಮತಗಟ್ಟೆ ಸಮೀಕ್ಷೆಗಳನ್ನು ನಂಬಿ ಜೂನ್ 3ರಂದು ಸೆನ್ಸೆಕ್ಸ್ 2,500 ಅಂಶ ಏರಿತು. ಮರುದಿನ, ಎಣಿಕೆಯ ದಿನ, ಸುಮಾರು 4,390 ಅಂಶ ಇಳಿಯಿತು. ಅಧಿಕಾರಕ್ಕೆ ಮರಳಿದ್ದು ಅದೇ ಪ್ರಧಾನಿಯೇ. ಆದರೆ ಬಿಜೆಪಿಗೆ ದೊರೆತದ್ದು 240 ಸ್ಥಾನ. ಪೇಟೆ ಅದಕ್ಕಿಂತ ಬಹಳ ಹೆಚ್ಚಿಗೆ ಆಗಲೇ ಬೆಲೆ ಕಟ್ಟಿತ್ತು.

ಈಗ ಸೊಸೆ ಮೊಬೈಲಿನಲ್ಲೇ ಷೇರು ಕೊಳ್ಳುತ್ತಾಳೆ. "ಬಜೆಟ್ ಬರ್ತಿದೆ ಅತ್ತೆ, ಈ ಕಂಪನಿಗೆ ಒಳ್ಳೇದಾಗುತ್ತಂತೆ" ಎಂದಳು ಮೊನ್ನೆ. ಬೇಡವೆನ್ನಲಿಲ್ಲ. "ಅಂತೆ ಅನ್ನೋದು ಎಷ್ಟು ಜನಕ್ಕೆ ಗೊತ್ತಾಗಿದೆ, ನೋಡಮ್ಮ" ಎಂದೆ, ಅಷ್ಟೆ. ಅವಳು ನನ್ನ ಬರಿಗೈ ನೋಡಿ, ಮೊಬೈಲು ಕೆಳಗಿಟ್ಟು, ಕಾಫಿಗೆ ನೀರಿಟ್ಟಳು.