ಧೀಮಂತರ ಗೋಷ್ಠಿಗಳೂ ಬಿಡುವೇಳೆಯ ಹವ್ಯಾಸಗಳೂ: ಮುರಗೋಡ ಸೀಮೆಯನ್ನು ಕುರಿತು ಒಂದು ವಿವೇಚನೆ

ರಾಜರ ದಂಡಯಾತ್ರೆ, ಭೂಕಂದಾಯ, ದೇವಾಲಯಗಳ ದತ್ತಿ ಇವು ಇತಿಹಾಸಕ್ಕೆ ತಕ್ಕ ವಸ್ತುಗಳೆಂದು ನಾವು ಎಣಿಸುತ್ತ ಬಂದಿದ್ದೇವೆ. ಬುದ್ಧಿವಂತರೆನಿಸಿದವರು ತಮ್ಮ ಬಿಡುವೇಳೆಯನ್ನು ಹೇಗೆ ಕಳೆದರು, ಒಂದೆಡೆ ಕಲೆತಾಗ ಏನನ್ನು ಹಂಚಿಕೊಂಡರು ಎಂಬುದನ್ನು ಯಾರೂ ಅಷ್ಟಾಗಿ ಗಣನೆಗೆ ತರುವುದಿಲ್ಲ. ಆದರೆ ಬೆಳಗಾವಿ ಜಿಲ್ಲೆಯ ಮುರಗೋಡ, ಬೈಲಹೊಂಗಲ, ಕಿತ್ತೂರು, ಸವದತ್ತಿಗಳ ಸೀಮೆಯನ್ನು ಕುರಿತು ನಮಗಿಂದು ತಿಳಿದಿರುವುದರಲ್ಲಿ ಹೆಚ್ಚಿನ ಪಾಲು ಇಂತಹ ಬಿಡುವೇಳೆಯ ದುಡಿಮೆಯಿಂದಲೇ ದೊರೆತುದು. ಶಾಸನಗಳ ನಕಲು, ಲಾವಣಿಗಳ ಸಂಗ್ರಹ, ಗುಡಿಗಳ ಛಾಯಾಚಿತ್ರ ಇವೆಲ್ಲ ಮೊದಲು ಹವ್ಯಾಸಗಳಾಗಿದ್ದವು, ಆಧಾರಗಳಾದದ್ದು ಆಮೇಲೆ. ಈ ಹವ್ಯಾಸಿಗಳ ಕೂಟಗಳಿಗೆ ಯಾರಿಗೆ ಪ್ರವೇಶವಿತ್ತು, ಯಾರಿಗಿರಲಿಲ್ಲ ಎಂಬುದೇ ಪ್ರಸ್ತುತ ಲೇಖನದ ವಿಚಾರ.

ಬುದ್ಧಿಯನ್ನೇ ಪ್ರವೇಶದ ಅರ್ಹತೆಯನ್ನಾಗಿ ಮಾಡಿಕೊಂಡ ಸಂಘವು ಇತ್ತೀಚಿನ ಕಲ್ಪನೆ. 1946ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ರೋಲಂಡ್ ಬೆರಿಲ್ ಮತ್ತು ಲ್ಯಾನ್ಸಲಟ್ ವೇರ್ ಎಂಬಿಬ್ಬರು ಮೆನ್ಸಾ ಎಂಬ ಸಂಘವನ್ನು ಹುಟ್ಟುಹಾಕಿದರು. ಬುದ್ಧಿಮಾಪನ ಪರೀಕ್ಷೆಯಲ್ಲಿ ನೂರಕ್ಕೆ ಮೇಲಿನ ಇಬ್ಬರ ಮಟ್ಟಕ್ಕೆ ಏರಿದವರು ಮಾತ್ರ ಅದರ ಸದಸ್ಯರಾಗಬಹುದು. ಲ್ಯಾಟಿನ್ ಭಾಷೆಯಲ್ಲಿ 'ಮೆನ್ಸಾ' ಎಂದರೆ ಮೇಜು. ಸುತ್ತಲೂ ಕುಳಿತವರೆಲ್ಲರೂ ಸಮಾನರೆಂಬುದು ಆ ಹೆಸರಿನ ಆಶಯ. ಹೀಗೆ ಕಠಿಣ ಪರೀಕ್ಷೆಯನ್ನು ದಾಟಿ ಒಳಗೆ ಬಂದವರು ಅಲ್ಲಿ ಮಾಡುವುದೇನು? ಸಮಾನ ಅಭಿರುಚಿಯುಳ್ಳವರು ಸಣ್ಣ ಬಳಗಗಳನ್ನು ಕಟ್ಟಿಕೊಂಡು ಆಟ, ಕಥೆ, ಛಾಯಾಚಿತ್ರ, ಅಡುಗೆಗಳಂತಹ ಹವ್ಯಾಸಗಳನ್ನು ಹಂಚಿಕೊಳ್ಳುತ್ತಾರೆ. ಬುದ್ಧಿಯು ಬಾಗಿಲಲ್ಲಿ ತೋರಿಸುವ ಚೀಟಿ ಮಾತ್ರ. ಒಳಗೆ ಜನರನ್ನು ಕೂಡಿಸುವುದು ಹವ್ಯಾಸವೇ.

ಈ ಅಳತೆಗೋಲು ನಮ್ಮ ಸೀಮೆಗೆ ಅಪರಿಚಿತವಾದುದಲ್ಲ. 1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ, ತಿಯೊಡೋರ್ ಸಿಮೋನ್ ಅವರು ಬುದ್ಧಿಮಾಪನ ಶ್ರೇಣಿಯನ್ನು ರಚಿಸಿದಾಗ ಅವರ ಗುರಿ ಮೇಧಾವಿಗಳನ್ನು ಆರಿಸುವುದಾಗಿರಲಿಲ್ಲ. ಶಾಲೆಯಲ್ಲಿ ಹಿಂದೆ ಬಿದ್ದ, ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದಾಗಿತ್ತು. ಈ ಶ್ರೇಣಿಯನ್ನು ಮುಂಬಯಿ-ಕರ್ನಾಟಕದ ಕನ್ನಡ ಹಾಗೂ ಮರಾಠಿ ಮಕ್ಕಳಿಗೆ ಒಗ್ಗಿಸಿದವರು ಡಾ. ವಿ. ವಿ. ಕಾಮತರು. ಧಾರವಾಡದಲ್ಲಿ ಮಕ್ಕಳನ್ನು ಪರೀಕ್ಷಿಸಿ ಅವರು ಸಿದ್ಧಪಡಿಸಿದ ಗ್ರಂಥವು 1940ರಲ್ಲಿ, ಎಂದರೆ ಮೆನ್ಸಾ ಹುಟ್ಟುವುದಕ್ಕೆ ಆರು ವರುಷ ಮೊದಲು, ಪ್ರಕಟವಾಯಿತು. ಪ್ಯಾರಿಸ್ಸಿನ ಮಗುವಿಗೆ ಸಹಜವಾದ ಪ್ರಶ್ನೆಯು ಮಲಪ್ರಭೆಯ ದಂಡೆಯ ಮಗುವಿಗೆ ಸಹಜವಾಗಿರದು. ಅಳತೆಗೋಲನ್ನು ಅಳೆಯಲ್ಪಡುವವರ ಬದುಕಿಗೆ ಹೊಂದಿಸಬೇಕಾಗುವುದು. ಈ ಎಚ್ಚರಿಕೆಯು ಮಕ್ಕಳ ಪರೀಕ್ಷೆಗೆ ಮಾತ್ರವಲ್ಲ, ಇತಿಹಾಸಕಾರನ ತೂಕಕ್ಕೂ ಅನ್ವಯಿಸುವುದು.

ಈಗ ಅಂತಹ ಪರೀಕ್ಷೆಗಳಿಲ್ಲದಿದ್ದ ಕಾಲಕ್ಕೆ ಹೋಗೋಣ. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಮಡಿದನು. ಅವನ ಕೈಕೆಳಗಿನ ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ತರುಣ ಅಧಿಕಾರಿಗಳು ಸೆರೆಸಿಕ್ಕರು. ಹೀಗೆ ರಾಣಿ ಚೆನ್ನಮ್ಮನ ಸೆರೆಯಾಳಾಗಿ ಆ ವರುಷದ ಡಿಸೆಂಬರಿನಲ್ಲಿ ಬಿಡುಗಡೆಗೊಂಡ ವಾಲ್ಟರ್ ಎಲಿಯಟ್ಟರೇ ಮುಂದೆ ಈ ನಾಡಿನ ಶಾಸನಗಳ ಮೊದಲ ದೊಡ್ಡ ಸಂಗ್ರಾಹಕರಾದರು. ಕಂದಾಯ ಮತ್ತು ನ್ಯಾಯದ ಕೆಲಸಗಳ ನಡುವೆ ಅವರು ಕೂಡಿಸಿದ ಪ್ರತಿಗಳ ಸಂಖ್ಯೆ 595. ಇವುಗಳ ಆಧಾರದ ಮೇಲೆ ಬರೆದ ಅವರ ಪ್ರಬಂಧವು 1837ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಎರಡು ವರುಷಗಳ ತರುವಾಯ ದಕ್ಷಿಣ ಮರಾಠಾ ಪ್ರಾಂತದ ಸಸ್ತನಿಗಳ ಪಟ್ಟಿಯೊಂದನ್ನು ಅವರು ಮದ್ರಾಸಿನ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿದರು. ಪೊದೆಗಳಲ್ಲಿ ವಾಸಿಸುವ ಒಂದು ಇಲಿಗೆ ಪ್ರಾಣಿಶಾಸ್ತ್ರಜ್ಞರು ಇಟ್ಟ ಹೆಸರು 'ಗೋಲುಂಡಾ ಎಲಿಯೋಟಿ'. ಈ ಹೆಸರಿನ ಉತ್ತರಾರ್ಧವು ಎಲಿಯಟ್ಟರದು. ಪೂರ್ವಾರ್ಧವು 'ಗುಲಂಡಿ' ಎಂಬ ಇಲ್ಲಿಯ ಆಡುಮಾತಿನದು. ಆ ಮಾತನ್ನು ಹೇಳಿಕೊಟ್ಟವನ ಹೆಸರು ಮಾತ್ರ ಅದರಲ್ಲಿಲ್ಲ.

ಛಾಯಾಚಿತ್ರದ ಕಥೆಯೂ ಇದೇ ಬಗೆಯದು. 1854ರಲ್ಲಿ ಮುಂಬಯಿಯಲ್ಲಿ ಛಾಯಾಚಿತ್ರ ಸಂಘವೊಂದು ಸ್ಥಾಪನೆಯಾಯಿತು. ಮರುವರುಷದಿಂದ ಸೈನ್ಯದ ಅಧಿಕಾರಿ ಬಿಗ್ಸ್, ಅವರ ತರುವಾಯ ವೈದ್ಯರಾದ ಪಿಗೂ ಇವರು ಈ ಭಾಗದ ಗುಡಿಗಳ ಮತ್ತು ಶಾಸನಗಳ ಚಿತ್ರಗಳನ್ನು ತೆಗೆದರು. ಡಾ. ನೀಲ್ ಎಂಬ ಮತ್ತೊಬ್ಬ ವೈದ್ಯರ ಚಿತ್ರಗಳೂ ಅವಕ್ಕೆ ಕೂಡಿ, 1866ರಲ್ಲಿ ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವು ಮೆಡೋಸ್ ಟೇಲರ್, ಜೇಮ್ಸ್ ಫರ್ಗುಸನ್ ಅವರ ಬರಹಗಳೊಡನೆ ಲಂಡನ್ನಿನಲ್ಲಿ ಹೊರಬಂದಿತು. ಕ್ಯಾಮರಾವನ್ನು ಹಿಡಿದವರು ಚಿತ್ರಗಾರರಲ್ಲ, ಸೈನಿಕರು ಮತ್ತು ವೈದ್ಯರು ಎಂಬುದು ಗಮನಾರ್ಹ. ಆ ಕಾಲದ ವಿಧಾನದಲ್ಲಿ ಚಿತ್ರ ಮೂಡುವುದಕ್ಕೆ ಬಹಳ ಹೊತ್ತು ಬೆಳಕು ಬೀಳಬೇಕಾಗಿತ್ತು. ಕದಲದ ಕಂಬವು ಸ್ಪಷ್ಟವಾಗಿ ಉಳಿಯುತ್ತಿತ್ತು; ನಡೆದಾಡುವ ಮನುಷ್ಯನು ಮಸಕಾಗುತ್ತಿದ್ದನು, ಇಲ್ಲವೆ ಅಳಿದೇ ಹೋಗುತ್ತಿದ್ದನು. ಕಂಬದ ಎತ್ತರ ತಿಳಿಯಲೆಂದು ಪಕ್ಕದಲ್ಲಿ ನಿಲ್ಲಿಸಿದ ಮನುಷ್ಯನೇನೋ ಉಳಿದನು. ಆದರೆ ಅಳತೆಯ ಕೋಲಾಗಿ ಉಳಿದನಲ್ಲದೆ ಹೆಸರುಳ್ಳವನಾಗಿ ಅಲ್ಲ.

ಕಥೆಗಳ ವಿಷಯದಲ್ಲಿ ಡಾ. ಫ್ಲೀಟರ ಕಾರ್ಯವನ್ನು ಸ್ಮರಿಸಬೇಕು. ಸವದತ್ತಿಯ ರಟ್ಟರ ಶಾಸನಗಳನ್ನು ಬೆಳಕಿಗೆ ತಂದ ಈ ಅಧಿಕಾರಿಯು 1885ರಿಂದ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಅನುವಾದ ಸಹಿತವಾಗಿ ಪ್ರಕಟಿಸಿದರು. ಹಲಗಲಿಯ ಬೇಡರ ದಂಗೆ, ಸಂಗೊಳ್ಳಿ ರಾಯಣ್ಣನ ಬಂಡು, ಬೈಲಹೊಂಗಲದ ಸಂಗ್ಯಾನ ಕೊಲೆ ಇವು ಅವುಗಳಲ್ಲಿ ಸೇರಿವೆ. ಸರಕಾರದ ಕಡತಗಳು ರಾಯಣ್ಣನನ್ನು ದಂಗೆಕೋರನೆಂದು ಕರೆದರೆ ಲಾವಣಿಯು ಅವನನ್ನು ಊರವರ ಕಣ್ಣಿನಿಂದ ಕಂಡಿತು. ಅಧಿಕಾರಿಯೊಬ್ಬನ ಹವ್ಯಾಸವು ಅವನ ಕಚೇರಿಗೆ ಬೇಡವಾದ ಸಾಕ್ಷ್ಯವನ್ನು ಕಾಪಾಡಿತೆಂಬುದು ಇತಿಹಾಸದ ವಿಚಿತ್ರಗಳಲ್ಲೊಂದು.

ಈ ಮಹನೀಯರ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಅವರ ಕೂಟಗಳು ಮುಚ್ಚಿದ ಬಾಗಿಲಿನವು ಎಂಬುದನ್ನು ಮರೆಯಲಾಗದು. ಹಳ್ಳಿ ಹಳ್ಳಿಗೆ ಹೋಗಿ ಶಾಸನಗಳ ನಕಲು ತೆಗೆದ ಲಿಪಿಕಾರರು, ಡಪ್ಪಿನ ಗತ್ತಿಗೆ ಹಾಡಿದ ಲಾವಣಿಕಾರರು ಸಾಮಗ್ರಿಯನ್ನು ಒದಗಿಸಿದರೇ ಹೊರತು ಮೇಜಿನ ಸುತ್ತ ಕುಳಿತವರಲ್ಲ. ಅಲ್ಲಿ ಲಿಖಿತ ಪರೀಕ್ಷೆಯೇನೂ ಇರಲಿಲ್ಲ; ಪದವಿ, ಭಾಷೆ, ವರ್ಣಗಳೇ ಪರೀಕ್ಷೆಯಾಗಿದ್ದವು.

ಇಪ್ಪತ್ತನೆಯ ಶತಮಾನದಲ್ಲಿ ಈ ಬಾಗಿಲು ಕೊಂಚ ತೆರೆಯಿತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಗಿ ಕನ್ನಡದಲ್ಲಿ ವಿಚಾರ ಮಾಡುವವರಿಗೆ ಒಂದು ನೆಲೆ ದೊರೆತಿತ್ತು. 1922ರ ಸುಮಾರಿಗೆ ಅದೇ ಊರಿನಲ್ಲಿ ದ. ರಾ. ಬೇಂದ್ರೆಯವರ ಸುತ್ತ 'ಗೆಳೆಯರ ಗುಂಪು' ಕೂಡಿತು. ಅಲ್ಲಿ ಅರ್ಜಿಯಿಲ್ಲ, ಅಂಕಗಳಿಲ್ಲ, ಸ್ನೇಹವೇ ಪ್ರವೇಶ. ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ 1896ರಲ್ಲಿ ಜನಿಸಿದ ಶಂ. ಬಾ. ಜೋಶಿಯವರು ಈ ಗುಂಪಿನಲ್ಲಿದ್ದರು. ವೃತ್ತಿಯಿಂದ ಶಾಲಾ ಉಪಾಧ್ಯಾಯರಾದ ಅವರಿಗೆ ಊರ ಹೆಸರುಗಳ ಬೆನ್ನು ಹತ್ತುವುದೇ ಒಂದು ವ್ಯಸನವಾಗಿತ್ತು. ಮಹಾರಾಷ್ಟ್ರದ ಸ್ಥಳನಾಮಗಳಲ್ಲಿ ಹುದುಗಿದ ಕನ್ನಡವನ್ನು ಹೆಕ್ಕುತ್ತ ಹೋದ ಆ ವ್ಯಸನವೇ ಸಂಶೋಧನೆಯಾಗಿ ಬೆಳೆದು, 'ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ'ಗೆ 1970ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ತಂದಿತು. ಬೇಂದ್ರೆಯವರೂ ಉತ್ತರವಯಸ್ಸಿನಲ್ಲಿ ಅಂಕೆಗಳ ಆಟದಲ್ಲಿ ಮುಳುಗಿ, 441 ಎಂಬ ಸಂಖ್ಯೆಯಲ್ಲಿ ವಿಶೇಷ ಅರ್ಥವನ್ನು ಕಂಡರು. ಬುದ್ಧಿಯು ಹವ್ಯಾಸದಲ್ಲಿ ಎಷ್ಟು ನಿಸ್ಸಂಕೋಚವಾಗಿ ಆಡಬಲ್ಲುದು ಎಂಬುದಕ್ಕೆ ಇವೆರಡೂ ನಿದರ್ಶನಗಳು.

ಇದಕ್ಕೂ ಒಂದು ಹೆಜ್ಜೆ ಮುಂದೆ ಹೋದವರು ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ಹಳ್ಳಿಯಲ್ಲಿಯೇ ನಿಂತು, ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡಿದ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿದರು. ಬರೆಯಲು ಬಾರದವರ ಮಾತನ್ನು ಕಾವ್ಯವೆಂದು ಗೌರವಿಸಿದ ಸಂಕಲನವಿದು. ಯಾವ ಬುದ್ಧಿಮಾಪನ ಶ್ರೇಣಿಯೂ ಆ ಗರತಿಯರನ್ನು ಮೇಲಿನ ಇಬ್ಬರಲ್ಲಿ ಎಣಿಸುತ್ತಿರಲಿಲ್ಲ. ಪ್ರಶ್ನಪತ್ರಿಕೆಯನ್ನು ಓದುವುದೇ ಅವರಿಗೆ ಸಾಧ್ಯವಿರಲಿಲ್ಲ. ಆದರೂ ಸಾವಿರಾರು ಸಾಲುಗಳನ್ನು ನೆನಪಿನಲ್ಲಿಟ್ಟು, ಸಂದರ್ಭಕ್ಕೆ ತಕ್ಕಂತೆ ಹೊಸದನ್ನು ಹೆಣೆಯುವ ಶಕ್ತಿಯನ್ನು ಬುದ್ಧಿಯೆನ್ನದೆ ಬೇರೇನೆನ್ನಬೇಕು?

ಇಲ್ಲಿ ಒಂದು ಆಕ್ಷೇಪವು ಏಳಬಹುದು. ತೆರೆದ ಬಾಗಿಲಿನ ಕೂಟದಲ್ಲಿ ಶಿಸ್ತು ಸಡಿಲವಾಗುವುದಿಲ್ಲವೇ? ಶಂ. ಬಾ. ಅವರ ಶಬ್ದನಿಷ್ಪತ್ತಿಗಳೆಲ್ಲವನ್ನೂ ಭಾಷಾಶಾಸ್ತ್ರಜ್ಞರು ಒಪ್ಪಿಲ್ಲವೆಂಬುದು ನಿಜ. ಆದರೆ ತಪ್ಪನ್ನು ತಿದ್ದುವುದು ವಾದದಿಂದಲೇ ಹೊರತು ಬಾಗಿಲು ಹಾಕುವುದರಿಂದಲ್ಲ. ಮುಚ್ಚಿದ ಕೂಟಗಳೂ ತಪ್ಪಿನಿಂದ ಮುಕ್ತವಾಗಿರಲಿಲ್ಲ. ಎಲಿಯಟ್ಟರ ನಿರ್ಣಯಗಳನ್ನು ಮುಂದೆ ಫ್ಲೀಟರು ತಿದ್ದಬೇಕಾಯಿತು, ಫ್ಲೀಟರ ನಿರ್ಣಯಗಳನ್ನು ಅವರ ಅನಂತರದವರು ತಿದ್ದಿದರು.

ಆದುದರಿಂದ ಒಂದು ಗೋಷ್ಠಿಯ ಹಿರಿಮೆಯನ್ನು ಅದರ ಸದಸ್ಯರ ಬುದ್ಧಿಲಬ್ಧದಿಂದ ಅಳೆಯುವುದು ಇತಿಹಾಸಕಾರನಿಗೆ ಸಲ್ಲದು. ಅವರ ಹವ್ಯಾಸದಿಂದ ಏನು ಉಳಿಯಿತು, ಅದಕ್ಕೆ ನೆರವಾದ ಎಷ್ಟು ಜನರ ಹೆಸರು ಉಳಿಯಿತು ಎಂಬೆರಡು ಪ್ರಶ್ನೆಗಳೇ ಸರಿಯಾದ ಅಳತೆ. ಎರಡನೆಯ ಪ್ರಶ್ನೆಗೆ ನಮ್ಮ ಹಿಂದಿನವರ ಉತ್ತರವು ತೃಪ್ತಿಕರವಾದುದಲ್ಲ. ನಮ್ಮದೂ ಹಾಗೆಯೇ ಆಗಬೇಕಾಗಿಲ್ಲ. ಮುರಗೋಡದಂತಹ ಊರುಗಳ ಮನೆಗಳಲ್ಲಿ ಶಾಲೆಯ, ಭಜನಾಮೇಳದ, ನಾಟಕ ಮಂಡಲಿಯ ಹಳೆಯ ಗುಂಪುಚಿತ್ರಗಳು ಗೋಡೆಯ ಮೇಲೆ ತೂಗಿರುತ್ತವೆ. ನಡುವೆ ಕುರ್ಚಿಯಲ್ಲಿ ಕುಳಿತವರ ಹೆಸರು ಮನೆಯವರಿಗೆ ಗೊತ್ತಿರುವುದು. ಹಿಂದಿನ ಸಾಲಿನ ಅಂಚಿನಲ್ಲಿ ನಿಂತವನ ಹೆಸರು ಊರಿನ ಒಬ್ಬಿಬ್ಬ ಹಿರಿಯರಿಗೆ ಮಾತ್ರ. ಹಿರಿಯರು ಇರುವಾಗಲೇ ಅಂಚಿನಿಂದ ಪ್ರಾರಂಭಿಸಿ ಹೆಸರು, ಊರು, ವರುಷಗಳನ್ನು ಕೇಳಿ ಚಿತ್ರದ ಬೆನ್ನಿಗೆ ಪೆನ್ಸಿಲಿನಿಂದ ಬರೆದಿಡುವುದು ವಿದ್ಯಾರ್ಥಿಗಳು ರಜೆಯಲ್ಲಿ ಮಾಡಬಹುದಾದ ಸಂಶೋಧನೆ. ಇದಕ್ಕೆ ಯಾವ ಸಂಘದ ಸದಸ್ಯತ್ವವೂ ಬೇಕಾಗಿಲ್ಲ.